ರನ್‌ವೇ ಮುಗಿದ ಮೇಲೂ ನೆಲ ಬೇಕು

ನಂದಿಗುಡಿಯ ಕಡೆ ಹೊಲ ಉಳುವ ರೈತ ಸಾಲಿನ ತುದಿಯಲ್ಲಿ ಎತ್ತು ತಿರುಗಿಸಲು ಒಂದಿಷ್ಟು ಜಾಗ ಬಿಡುತ್ತಾನೆ. ಅದನ್ನು ಯಾರೂ ದಂಡವಾದ ನೆಲ ಎನ್ನುವುದಿಲ್ಲ. ವಿಮಾನ ನಿಲ್ದಾಣದಲ್ಲೂ ಇಂಥ ನೆಲವೊಂದಿದೆ. ವಿಮಾನ ಓಡುವ ದಾರಿ, ಅಂದರೆ ರನ್‌ವೇ ಮುಗಿದ ಮೇಲೆ ಬಿಡಬೇಕಾದ ಸುರಕ್ಷಾ ವಲಯ ಅದು.

ಅದು ಏಕೆ ಬೇಕು? ಹರಿಹರ–ದಾವಣಗೆರೆ ರಸ್ತೆಯ ಬಸ್ಸಿನ ವೇಗ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ನೆಲ ಮುಟ್ಟುವ ಜೆಟ್ ವಿಮಾನದ ವೇಗ ಸುಮಾರು 240. ವೇಗ 4 ಪಟ್ಟಾದರೆ ಚಲನಶಕ್ತಿ 4 ಪಟ್ಟಲ್ಲ, 16 ಪಟ್ಟು. ಬ್ರೇಕಿನ ಹಿಡಿತ ಒಂದೇ ಆಗಿದ್ದರೆ ನಿಲ್ಲಲು ಬೇಕಾದ ದೂರವೂ 16 ಪಟ್ಟು. ಮಳೆ ಬಂದು ನೆಲ ಒದ್ದೆಯಾದರೆ ಇನ್ನೂ ಹೆಚ್ಚು.

ಮಂಗಳೂರಿನ ಬಜ್ಪೆಯ ನಿಲ್ದಾಣ ಶುರುವಾದದ್ದು 1951ರಲ್ಲಿ. ಅದರ ಹಳೆಯ ರನ್‌ವೇಯ ಉದ್ದ 1,615 ಮೀಟರ್. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಆದರೆ ಅದಿರುವುದು ಗುಡ್ಡದ ನೆತ್ತಿಯಲ್ಲಿ; ಆಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇಯ ಸುಮಾರು 1,600 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಉಳಿದ ದಾರಿ ಸಾಲಲಿಲ್ಲ. ಅದು ಕೊನೆಯ ಸುರಕ್ಷಾ ವಲಯವನ್ನೂ ದಾಟಿತು, ರೆಕ್ಕೆ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು, ವಿಮಾನ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕಿದವರು 8 ಜನ.

ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದು ಪೈಲಟ್ಟಿನ ತಪ್ಪೆಂದು ತನಿಖೆ ಹೇಳಿತು. ಸರಿಯೇ. ಆದರೆ ಮನುಷ್ಯ ತಪ್ಪುತ್ತಾನೆ ಎಂದು ತಿಳಿದೇ ಯೋಜನೆ ಮಾಡಬೇಕಲ್ಲವೆ? ಅಲ್ಲಿದ್ದ ಸುರಕ್ಷಾ ವಲಯ 90 ಮೀಟರ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಷ್ಟಿದ್ದರೆ ಸಾಕು; ಆದರೆ ಇರಲಿ ಎಂದು ಶಿಫಾರಸು ಮಾಡಿರುವುದು 240 ಮೀಟರ್. 2020ರ ಆಗಸ್ಟ್ 7ರಂದು ಮಳೆಯಲ್ಲಿ ಕೋಳಿಕ್ಕೋಡಿನ ಗುಡ್ಡದ ನಿಲ್ದಾಣದಲ್ಲೂ ಇಂಥದೇ ಅಪಘಾತವಾಗಿ 21 ಮಂದಿ ಸತ್ತರು.

ಜಾಗವಿಲ್ಲದ ಕಡೆ ಇನ್ನೊಂದು ಉಪಾಯವುಂಟು. ಮರಳಿಗೆ ನುಗ್ಗಿದ ಸೈಕಲ್ ತಾನಾಗಿ ನಿಲ್ಲುತ್ತದೆ. ಹಾಗೆಯೇ ಚಕ್ರದ ಭಾರಕ್ಕೆ ಪುಡಿಯಾಗುವ ಹಗುರ ಕಾಂಕ್ರೀಟನ್ನು ರನ್‌ವೇಯ ಕೊನೆಯಲ್ಲಿ ಹಾಸುತ್ತಾರೆ. ಚಕ್ರ ಹೂತು, ಶಕ್ತಿ ಪುಡಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಅಮೆರಿಕದ ಅನೇಕ ನಿಲ್ದಾಣಗಳಲ್ಲಿ ಇದು ಹಲವು ವಿಮಾನಗಳನ್ನು ಹಿಡಿದು ನಿಲ್ಲಿಸಿದೆ.

ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ 3 ಕಿ.ಮೀ. ಮೀರಿದ ರನ್‌ವೇ ತೆರೆಯಿತು. ದಾವಣಗೆರೆಗೂ ನಿಲ್ದಾಣ ಬೇಕೆಂಬ ಮಾತು ಆಗಾಗ ಕೇಳುತ್ತದೆ. ಬಂದರೆ ಬರಲಿ. ಆದರೆ ಕಟ್ಟಡ ಎಷ್ಟು ಚೆಂದ ಎಂದು ಕೇಳುವ ಮೊದಲು, ರನ್‌ವೇ ಮುಗಿದ ಮೇಲೆ ಎಷ್ಟು ನೆಲ ಬಿಟ್ಟಿದ್ದೀರಿ ಎಂದು ಕೇಳಬೇಕು. 30 ವರ್ಷದ ಮೇಲೆ ದೊಡ್ಡ ವಿಮಾನ ಬರುವ ಹೊತ್ತಿಗೆ ಸುತ್ತ ಮನೆಗಳೆದ್ದಿರುತ್ತವೆ. ಆಗ ಒಂದು ಮಾರು ನೆಲವೂ ಸಿಗದು. ಆ ನೆಲ ಕೊಡುವವನು ರೈತ. ಅವನಿಗೆ ನ್ಯಾಯವಾದ ಬೆಲೆಯನ್ನೂ ಮೊದಲ ದಿನದ ಲೆಕ್ಕದಲ್ಲೇ ಸೇರಿಸಬೇಕು.