ಒಲೆಯನ್ನು ಬೈಯುವ ಮುಂಚೆ ನಮ್ಮೂರಿನ ನೀರು ನೋಡಿ

ಕಳೆದ ತಿಂಗಳು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆವು. ಡಿಪ್ಲೊಮಾದಲ್ಲಿ ಜೊತೆಗೆ ಓದಿದ ನಾಲ್ವರು ಸೇರಿದ್ದೆವು. ಮೂವರು ಜಿಲ್ಲೆಯಿಂದ ಸುದ್ದಿ ಕಳಿಸುವವರು, ಒಬ್ಬ ಅಲ್ಲೇ ನೌಕರಿ ಹಿಡಿದವನು. ಅವನೇ ಊಟಕ್ಕೆ ಕರೆದುಕೊಂಡು ಹೋದ. "ಈ ಹೋಟೆಲಿನಾಗ ಒಲಿನ ಇಲ್ಲ ನೋಡ್ರಿ, ಎಲ್ಲಾ ಹಸೀದು" ಅಂದ.

ನಿಜಕ್ಕೂ ಒಲೆ ಇರಲಿಲ್ಲ. ನೂಡಲ್ಸ್ ಅಂತ ಬಂದದ್ದು ಜುಕಿನಿ ಅನ್ನುವ ಸೌತೆಕಾಯಿಯಂಥ ತರಕಾರಿಯನ್ನು ಎಳೆ ಎಳೆಯಾಗಿ ಹೆರೆದದ್ದು. ಚೀಸ್ ಅಂತ ಬಂದದ್ದು ಗೋಡಂಬಿ ರುಬ್ಬಿದ್ದು. ರೊಟ್ಟಿಯ ಜಾಗದಲ್ಲಿ ಅಗಸಿ ಬೀಜದ ಬಿಲ್ಲೆ. ಅದನ್ನು 48 ಡಿಗ್ರಿಗಿಂತ ಹೆಚ್ಚು ಬಿಸಿ ತಾಗದಂತೆ ಯಂತ್ರದಲ್ಲಿ ಒಣಗಿಸುತ್ತಾರಂತೆ. ಕೊನೆಗೆ ಖರ್ಜೂರ, ಕೊಬ್ಬರಿಯ ಕೇಕು. ಸುಳ್ಳು ಯಾಕೆ ಹೇಳೋಣ, ರುಚಿಯಾಗಿತ್ತು. ಬಿಲ್ಲು ಬಂದಾಗ ಮಾತ್ರ ನಮ್ಮವನೊಬ್ಬ, "ಒಲಿ ಇಲ್ಲಂದ್ರೂ ಕೈ ಸುಟ್ಟಿತಲ್ಲೋ" ಅಂದ. ನಾಲ್ವರದು ಎರಡು ಸಾವಿರ ದಾಟಿತ್ತು.

ದುಡ್ಡಿನ ಮಾತು ಬಿಡಿ. ಅದು ಅವರ ವ್ಯಾಪಾರ. ನಾವು ಬರೆಯುತ್ತಿರುವುದು ಗೋಡೆ ಮೇಲಿದ್ದ ಮಾತಿನ ಬಗ್ಗೆ. ಬೆಂಕಿ ಮುಟ್ಟಿದ ಆಹಾರ ಸತ್ತ ಆಹಾರ ಅಂತ ಅಲ್ಲಿ ಬರೆದಿದ್ದರು. ಬಡಿಸಿದ ಹುಡುಗ ಅದಕ್ಕೆ ಇನ್ನೊಂದು ಸೇರಿಸಿದ: ಹೀಗೇ ಉಂಡರೆ ಶುಗರ್, ಬಿಪಿ ಎಲ್ಲಾ ಹೋಗುತ್ತೆ. ನಮ್ಮಲ್ಲೊಬ್ಬನಿಗೆ ಎರಡು ವರ್ಷದಿಂದ ಶುಗರ್ ಇದೆ. ರಾತ್ರಿ ಬಸ್ಸಿನಲ್ಲಿ ಅವನು ಮೆಲ್ಲಗೆ ಕೇಳಿದ: "ಒಂದು ತಿಂಗಳು ಗುಳಿಗಿ ಬಿಟ್ಟು ನೋಡ್ಲೇನು?" ಓದಿದವನು, ಊರಿಗೆಲ್ಲ ಸುದ್ದಿ ಹೇಳುವವನು ಹೀಗೆ ಕೇಳಿದ. ಇದೇ ಮಾತು ರೀಲ್ಸ್ ಆಗಿ ನಮ್ಮ ಹಳ್ಳಿಯ ಫೋನುಗಳಿಗೂ ಬರುತ್ತಿದೆ. ಹಾಗಾಗಿ ಸುಮ್ಮನಿರಲು ಆಗಲಿಲ್ಲ.

ಹಸಿ ತಿನ್ನುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಜೋಳದ ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ಇಟ್ಟುಕೊಂಡು ಉಂಡವರು ನಾವು. ಹೊಲದಲ್ಲಿ ಹಸಿ ಕಡಲೆ ಗಿಡ ಕಿತ್ತು ಸುಲಿದು ತಿಂದವರು. ಮೈಸೂರು ಸೀಮೆಯವರಿಗೆ ಕೋಸಂಬರಿ ಇಲ್ಲದೆ ರಾಮನವಮಿ ಇಲ್ಲ. ಆದರೆ ನಮ್ಮ ತಾಟಿನಲ್ಲಿ ಹಸಿಯದು ರೊಟ್ಟಿಯ ಪಕ್ಕ ಕೂತಿತ್ತು. ರೊಟ್ಟಿಯನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂತಿರಲಿಲ್ಲ.

ಬೆಂಕಿ ತೆಗೆದರೆ ನಮ್ಮ ತಾಟಿನಲ್ಲಿ ಏನು ಉಳಿಯುತ್ತೆ, ನೀವೇ ಲೆಕ್ಕ ಹಾಕಿ. ರೊಟ್ಟಿ ಹೋಯಿತು, ಅನ್ನ ಹೋಯಿತು, ಮುದ್ದೆ ಹೋಯಿತು, ತೊಗರಿ ಬೇಳೆ ಹೋಯಿತು. ಬಡವರ ಹೊಟ್ಟೆ ತುಂಬಿಸುವುದೆಲ್ಲ ಬೇಯಿಸಿದರೇ ಅರಗುವಂಥದ್ದು. ಆ ಜಾಗಕ್ಕೆ ಗೋಡಂಬಿ, ಬಾದಾಮಿ ಬರಬೇಕು. ಕೂಲಿಯವರಿಗೆ ಅದು ಆಗುವ ಮಾತೇ?

ಬೇಯಿಸಿದರೆ ಸತ್ವ ಸಾಯುತ್ತೆ ಅನ್ನುವುದು ಅರ್ಧ ನಿಜ. ವಿಟಮಿನ್ ಸಿ ಕಡಿಮೆಯಾಗುವುದು ಹೌದು. ಸೊಪ್ಪನ್ನು ಗಂಟೆಗಟ್ಟಲೆ ಕುದಿಸಿ ನೀರು ಚೆಲ್ಲುವುದು ನಮ್ಮದೇ ತಪ್ಪು. ಆದರೆ ಗಜ್ಜರಿಯನ್ನು ಸ್ವಲ್ಪ ಎಣ್ಣೆ ಹಾಕಿ ಬೇಯಿಸಿದರೆ ಅದರ ಸತ್ವ ಮೈಗೆ ಹೆಚ್ಚು ಹತ್ತುತ್ತೆ. ಟೊಮೆಟೊದ ಕೆಂಪು ಬಣ್ಣದ ಸತ್ವವೂ ಅಷ್ಟೇ. ರಾಜ್ಮಾ ಕಾಳನ್ನು ಸರಿಯಾಗಿ ಬೇಯಿಸದೆ ತಿಂದರೆ ವಾಂತಿಯೇ ಗತಿ.

ಎಲ್ಲಕ್ಕಿಂತ ದೊಡ್ಡ ಮಾತು ನೀರು. ಆ ಹೋಟೆಲಿನಲ್ಲಿ ಶುದ್ಧ ನೀರಿದೆ, ಫ್ರಿಜ್ ಇದೆ, ತರಕಾರಿಯನ್ನು ನಾಲ್ಕು ಸಲ ತೊಳೆಯಲು ಆಳಿದ್ದಾರೆ. ನಮ್ಮಲ್ಲಿ ಎಷ್ಟೋ ಊರಲ್ಲಿ ಚರಂಡಿ ಪಕ್ಕದಲ್ಲೇ ನಲ್ಲಿ ಪೈಪು. ಊರಿನ ಕೊಳೆ ನೀರು ಹರಿಯುವ ಹಳ್ಳದ ದಂಡೆಯಲ್ಲೇ ಸೊಪ್ಪಿನ ಮಡಿ. ಶಾಲೆ, ಅಂಗನವಾಡಿಯಲ್ಲಿ ಮಕ್ಕಳಿಗೆ ಜಂತುಹುಳು ಮಾತ್ರೆ ಸುಮ್ಮನೆ ಕೊಡುತ್ತಾರೆಯೇ? ಮಣ್ಣು ಹತ್ತಿದ, ಸರಿಯಾಗಿ ತೊಳೆಯದ ತರಕಾರಿಯಿಂದಲೂ ಆ ಹುಳುವಿನ ಮೊಟ್ಟೆ ಹೊಟ್ಟೆ ಸೇರುತ್ತೆ. ಇಂಥ ಕಡೆ ಒಲೆಯೇ ಬಡವರ ಫಿಲ್ಟರ್.

ಶ್ರೀಮಂತ ದೇಶಕ್ಕೂ ಇದು ಸುಲಭವಲ್ಲ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆ ಕಾಳಿನಿಂದ ಹರಡಿದ ಇ-ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು. ಮೊಳಕೆ ಬರಿಸುವ ಬೆಚ್ಚಗಿನ ತೇವವೇ ರೋಗಾಣುವಿಗೂ ತೊಟ್ಟಿಲು.

ಗಾಂಧೀಜಿಯೂ 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿದ್ದರು. ಮೊಳಕೆ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು. ಕೆಲವೇ ತಿಂಗಳಲ್ಲಿ ಹೊಟ್ಟೆ ಕೆಟ್ಟು ಬಿಟ್ಟರು. ಬಿಟ್ಟದ್ದನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲೇ ಬರೆದರು. ರೀಲ್ಸ್ ಮಾಡುವವರಲ್ಲಿ ಎಷ್ಟು ಜನ ತಮಗೆ ಆಗಿಬರಲಿಲ್ಲ ಅಂತ ಹೇಳುತ್ತಾರೆ?

ನಮ್ಮ ಮಾತು ಇಷ್ಟೇ. ಸೌತೆಕಾಯಿ, ಗಜ್ಜರಿ, ಹಕ್ಕರಕಿ ದಿನಾ ತಿನ್ನಿ. ಮಕ್ಕಳ ಕೈಗೆ ಚಿಪ್ಸ್ ಪಾಕೀಟಿನ ಬದಲು ಅದನ್ನೇ ಕೊಡಿ. ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಕೊಡಿ. ಬಸುರಿಯರು, ಸಣ್ಣ ಮಕ್ಕಳು ಮೊಳಕೆ ಕಾಳನ್ನು ಬೇಯಿಸಿಯೇ ತಿನ್ನಲಿ. ಶುಗರ್ ಇದ್ದವರಿಗೆ ಸೊಪ್ಪು ತರಕಾರಿ ಒಳ್ಳೆಯದೇ, ಆದರೆ ಅದು ಗುಳಿಗೆಯ ಜೊತೆಗೆ. ಗುಳಿಗೆ ಕಡಿಮೆ ಮಾಡುವುದನ್ನು ಡಾಕ್ಟರು ರಕ್ತ ನೋಡಿ ಹೇಳಬೇಕೇ ಹೊರತು ಹೋಟೆಲಿನ ಗೋಡೆಯಲ್ಲ.

ನಮ್ಮ ಗೆಳೆಯ ಗುಳಿಗೆ ಬಿಟ್ಟಿಲ್ಲ. ಬಸ್ಸು ಇಳಿಯುವಷ್ಟರಲ್ಲಿ ಇಬ್ಬರೂ ಸೇರಿ ಬೈದು ಒಪ್ಪಿಸಿದೆವು. ನಿಮ್ಮ ಮನೆಯಲ್ಲಿ ಹಾಗೆ ಕೇಳುವ ಕಾಕಾ, ಅತ್ತಿ, ಅಣ್ಣ ಯಾರಾದರೂ ಇದ್ದರೆ ನೀವೂ ಬೈಯಿರಿ. ಆಮೇಲೆ ಎಲ್ಲರೂ ಸೇರಿ ಪಂಚಾಯ್ತಿಗೆ ಹೋಗಿ ಆ ಚರಂಡಿ ಪಕ್ಕದ ಪೈಪು ಬದಲಿಸಿ ಅಂತ ಕೇಳಿ. ಹಸಿ ತರಕಾರಿ ಧೈರ್ಯವಾಗಿ ತಿನ್ನಬೇಕಾದರೆ ಮೊದಲು ಆಗಬೇಕಾದ ಕೆಲಸ ಅದು.