ಆನೆಯ ಸುದ್ದಿ ಯಾರಿಗೆ ಮುಟ್ಟಬೇಕು?

ತಮಿಳುನಾಡಿನ ವಾಲ್ಪಾರೈ ತೋಟಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ವರ್ಷಗಟ್ಟಲೆ ಆನೆಗಳ ಜಾಡು ಹಿಡಿದು ಅಭ್ಯಾಸ ನಡೆಸಿದರು. ಆನೆ ಹತ್ತಿರವಿರುವುದು ತಿಳಿಯದೆ ಎದುರಾದವರೇ ಹೆಚ್ಚಾಗಿ ಸತ್ತಿದ್ದರು. 2011ರಿಂದ ಮೊಬೈಲ್ ಸಂದೇಶ, ಕೆಂಪು ದೀಪಗಳ ಮುನ್ನೆಚ್ಚರಿಕೆ ಬಂದ ಮೇಲೆ ಸಾವು ಕಡಿಮೆಯಾಯಿತು. ಈ ಕ್ರಮ ಹಾಸನ ಜಿಲ್ಲೆಗೂ ಬಂದಿದೆ. ಅಲ್ಲಿ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಉಪದ್ರವವೇನೂ ನಿಲ್ಲಲಿಲ್ಲವಷ್ಟೆ.

ಬೆಳೆನಷ್ಟದ ಪರಿಹಾರದ ಮಾತು ಬೇರೆ, ಅದಕ್ಕೆ ಹೋರಾಡೋಣ. ಆದರೆ ಸಂದೇಶ ಯಜಮಾನರಿಗಷ್ಟೇ ಬಂದರೆ ಪ್ರಯೋಜನವೇನು? (ನಮ್ಮಲ್ಲಿ ಕೆಲವರ ವಾಸ ಪಟ್ಟಣದಲ್ಲಿ!) ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದು ಬರುವವರು ಕೂಲಿಯಾಳುಗಳು. ಅವರ, ರೈಟರುಗಳ ನಂಬರನ್ನೂ ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಆನೆ ಬಂದ ದಿನ ಕೆಲಸ ತಡವಾದರೆ ಕೂಲಿ ಮುರಿಯಬಾರದು. ಮುರಿದರೆ, ಸಂದೇಶ ನೋಡಿಯೂ ಅವರು ಹೊತ್ತಿಗೆ ಸರಿಯಾಗಿ ಬಂದೇ ಬರುತ್ತಾರೆ.