ಜಾಝ್ ಸಂಗೀತವೂ ಭಾನುವಾರದ ಭೋಜನವೂ

ಗತಕಾಲದ ಮೇಲಣ ಮೋಹವು ಮನುಷ್ಯನಿಗೆ ಸಹಜವಾದುದು. ತಾನು ಕಾಣದ ಕಾಲವು ತಾನು ಬಾಳುವ ಕಾಲಕ್ಕಿಂತ ಸುಂದರವಾಗಿದ್ದಿತೆಂದು ಭಾವಿಸುವುದರಲ್ಲಿ ಒಂದು ಬಗೆಯ ಸುಖವಿದೆ. ಅದನ್ನು ಯಾರೂ ಅಪರಾಧವೆನ್ನಲಾರರು. ಆದರೆ ಆ ಮೋಹವು ಅಂಗಡಿಯ ಸರಕಾಗಿ, ಊಟದೊಡನೆ ಬಡಿಸುವ ಪದಾರ್ಥವಾದಾಗ, ಗತಕಾಲದ ಯಾವ ಭಾಗವು ಮಾರಾಟಕ್ಕೆ ಬಂದಿದೆ, ಯಾವ ಭಾಗವು ಮರೆಗೆ ಸರಿದಿದೆ ಎಂದು ವಿಚಾರಿಸುವುದು ತಿಳಿದವರ ಕರ್ತವ್ಯವಾಗುತ್ತದೆ. ಅಮೆರಿಕದ ನಗರಗಳಲ್ಲಿ ವಾರದ ಕೊನೆಗೆ ಹಳೆಯ ಕಾಲದ ವೇಷವನ್ನು ತೊಟ್ಟ ಪಾನಗೃಹಗಳಲ್ಲಿ ನಡೆಯುವ ಜಾಝ್ ಭೋಜನವು ಇಂತಹ ವಿಚಾರಣೆಗೆ ತಕ್ಕ ವಿಷಯ.

ಬೆಳಗಿನ ಉಪಾಹಾರಕ್ಕೆ ತಡವಾಗಿ, ಮಧ್ಯಾಹ್ನದ ಊಟಕ್ಕೆ ಮುಂಚಿತವಾಗಿ ಮಾಡುವ ಭೋಜನಕ್ಕೆ ‘ಬ್ರಂಚ್’ ಎಂದು ಹೆಸರು. ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕನು 1895ರಲ್ಲಿ ಇದರ ಪರವಾಗಿ ಒಂದು ಪ್ರಬಂಧವನ್ನೇ ಬರೆದು, ಶನಿವಾರದ ರಾತ್ರಿಯನ್ನು ವಿನೋದದಲ್ಲಿ ಕಳೆದವರಿಗೆ ಭಾನುವಾರ ಬೇಗನೆ ಏಳುವ ಕಷ್ಟವು ತಪ್ಪಲೆಂದು ವಾದಿಸಿದನು. 1970ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ನಗರದ ಕಮಾಂಡರ್ಸ್ ಪ್ಯಾಲೇಸ್ ಎಂಬ ಭೋಜನಶಾಲೆಯವರು ಇದಕ್ಕೆ ಜಾಝ್ ಸಂಗೀತವನ್ನು ಜೊತೆಗೂಡಿಸಿ ಪ್ರಸಿದ್ಧರಾದರು. 1999ರ ಕೊನೆಯ ದಿನ ನ್ಯೂಯಾರ್ಕಿನಲ್ಲಿ ಸಾಶಾ ಪೆಟ್ರಾಸ್ಕೆ ಎಂಬಾತನು ‘ಮಿಲ್ಕ್ ಅಂಡ್ ಹನಿ’ ಎಂಬ ಪಾನಗೃಹವನ್ನು, ಹೊರಗೆ ಹೆಸರಿನ ಹಲಗೆಯೂ ಇಲ್ಲದಂತೆ, ತೆರೆದನು. ಆಮೇಲೆ 1920ರ ದಶಕದ ಗುಪ್ತ ಪಾನಗೃಹಗಳನ್ನು ಅನುಕರಿಸುವ ಅಂಗಡಿಗಳು ಊರೂರಿಗೆ ಹಬ್ಬಿದವು. ಈ ಮೂರು ಧಾರೆಗಳೂ ಕೂಡಿದಲ್ಲಿ ಕಾಣುವ ದೃಶ್ಯವು ಬಹುಮಟ್ಟಿಗೆ ಒಂದೇ: ಮಂದವಾದ ದೀಪ, ಹಿತ್ತಾಳೆಯ ಕಂಬಿಗಳು, ಮಖಮಲ್ಲಿನ ಆಸನ, ಹಳೆಯ ಹೆಸರಿನ ಕಾಕ್‌ಟೇಲುಗಳು, ಮೊಟ್ಟೆ ರೊಟ್ಟಿಗಳ ತಟ್ಟೆ, ಮೂಲೆಯಲ್ಲಿ ಮೂರು ನಾಲ್ಕು ಮಂದಿ ವಾದ್ಯಗಾರರು. ಅತಿಥಿಗಳು ಮಾತನಾಡುತ್ತಾರೆ, ನಗುತ್ತಾರೆ, ತಮ್ಮ ತಟ್ಟೆಗಳ ಚಿತ್ರವನ್ನು ತೆಗೆದುಕೊಳ್ಳುತ್ತಾರೆ. ಟ್ರಂಪೆಟ್ ನುಡಿಸುವವನು ತನ್ನ ಮನೋಧರ್ಮವನ್ನೆಲ್ಲ ಧಾರೆಯೆರೆದು ಒಂದು ಕಷ್ಟವಾದ ಸಂಚಾರವನ್ನು ಮುಗಿಸಿದಾಗ ಎರಡು ಕೈಗಳು ಚಪ್ಪಾಳೆ ತಟ್ಟಿದರೆ ಅದೇ ಅವನ ಭಾಗ್ಯ.

ಈ ಅಲಂಕಾರವು ಯಾವ ಕಾಲವನ್ನು ನೆನಪಿಗೆ ತರುತ್ತದೆಯೋ ಆ ಕಾಲವು ಎಂತಹುದು? 1920ರ ಜನವರಿಯಿಂದ 1933ರ ಡಿಸೆಂಬರಿನವರೆಗೆ ಅಮೆರಿಕದಲ್ಲಿ ಪಾನನಿಷೇಧವಿದ್ದಿತು. ಅಂದಿನ ಗುಪ್ತದ್ವಾರವು ವಿನೋದಕ್ಕಾಗಿ ಇದ್ದುದಲ್ಲ, ಪೋಲೀಸರ ಭಯಕ್ಕಾಗಿ ಇದ್ದುದು. ಕೈಗಾರಿಕೆಯ ಮದ್ಯಸಾರವನ್ನು ಯಾರೂ ಕುಡಿಯದಂತೆ ಸರಕಾರವು ಅದರಲ್ಲಿ ವಿಷವನ್ನು ಬೆರೆಸಿಸಿತು; ಕಳ್ಳವ್ಯಾಪಾರಿಗಳು ಅದನ್ನೇ ಅರೆಬರೆ ಶುದ್ಧಿಮಾಡಿ ಮಾರಿದರು; ಕುಡಿದ ಬಡವರು ಕಣ್ಣನ್ನೋ ಪ್ರಾಣವನ್ನೋ ಕಳೆದುಕೊಂಡರು. ಇಂದಿನ ಗಾಜಿನ ಲೋಟದಲ್ಲಿ ಕಿತ್ತಳೆಯ ಸಿಪ್ಪೆಯೊಡನೆ ತೇಲುವ ‘ಹಳೆಯ ಕಾಲ’ಕ್ಕೆ ಈ ಸಂಗತಿಯು ತಿಳಿಯದು.

ಇದಕ್ಕಿಂತಲೂ ಗಹನವಾದ ಇನ್ನೊಂದು ಮರೆವಿದೆ. ಆ ದಶಕದ ಅತ್ಯಂತ ಪ್ರಸಿದ್ಧವಾದ ಸಂಗೀತಶಾಲೆಯೆಂದರೆ ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿದ್ದ ಕಾಟನ್ ಕ್ಲಬ್. ಅದರ ಒಡೆಯನು ಓನೀ ಮ್ಯಾಡನ್ ಎಂಬ ದುಷ್ಕರ್ಮಿ. 1927ರಿಂದ ಅಲ್ಲಿ ಡ್ಯೂಕ್ ಎಲಿಂಗ್ಟನ್ನನ ವಾದ್ಯಗೋಷ್ಠಿಯು ನುಡಿಯಿತು. ರೇಡಿಯೋ ಅದನ್ನು ದೇಶಕ್ಕೆಲ್ಲ ಕೇಳಿಸಿತು. ವೇದಿಕೆಯ ಮೇಲೆ ನಿಂತವರು ಕರಿಯರು. ಮೇಜುಗಳ ಮುಂದೆ ಕುಳಿತವರು ಬಿಳಿಯರು. ಹಾರ್ಲೆಮ್ ಕರಿಯರ ಬೀಡು. ಆದರೂ ಆ ಬೀಡಿನ ಜನರು ತಮ್ಮವರ ಸಂಗೀತವನ್ನು ಕೇಳಲು ಅತಿಥಿಗಳಾಗಿ ಒಳಗೆ ಕಾಲಿಡುವಂತಿರಲಿಲ್ಲ. ದೀಪ, ಕಂಬಿ, ಆಸನಗಳನ್ನು ಇಷ್ಟು ಶ್ರದ್ಧೆಯಿಂದ ಅನುಕರಿಸಿದವರು ಆ ಮುಚ್ಚಿದ ಬಾಗಿಲಿನ ವಿಷಯವಾಗಿ ಒಂದು ಮಾತನ್ನಾದರೂ ಗೋಡೆಯ ಮೇಲೆ ಬರೆಸಬಾರದೇ?

ನಿಷೇಧವು ತೊಲಗಿದ ಮೇಲೆಯೂ ವಾದ್ಯಗಾರನ ಬಂಧನವು ತೊಲಗಲಿಲ್ಲ. 1940ರಿಂದ 1967ರವರೆಗೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಶಾಲೆಗಳಲ್ಲಿ ನುಡಿಸಬೇಕಾದರೆ ಪೋಲೀಸರಿಂದ ಒಂದು ಪರವಾನಗಿ ಚೀಟಿಯನ್ನು ಪಡೆಯಬೇಕಾಗಿದ್ದಿತು, ಬೆರಳಚ್ಚನ್ನೂ ಕೊಡಬೇಕಾಗಿದ್ದಿತು. ಆ ಚೀಟಿಯನ್ನು ಕಳೆದುಕೊಂಡು ಥೆಲೋನಿಯಸ್ ಮಂಕನು 1951ರಿಂದ 1957ರವರೆಗೆ ತನ್ನ ಊರಿನ ಪಾನಗೃಹಗಳಿಂದ ಹೊರಗುಳಿದನು. ಜಾಝ್ ಸಂಗೀತದ ತವರಾದ ಲೂಸಿಯಾನ ಸಂಸ್ಥಾನವು 1956ರಲ್ಲಿ ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ಕೂಡಿ ನುಡಿಸಕೂಡದೆಂದು ಕಾನೂನು ಮಾಡಿದಾಗ, ಅಲ್ಲಿಯೇ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗನು 1965ರವರೆಗೆ ತನ್ನ ಹುಟ್ಟೂರಾದ ನ್ಯೂ ಆರ್ಲಿಯನ್ಸಿನಲ್ಲಿ ನುಡಿಸಲಿಲ್ಲ.

ಭಾನುವಾರವೆಂಬ ದಿನಕ್ಕೂ ಈ ಸಂಗೀತಕ್ಕೂ ಇರುವ ಸಂಬಂಧವು ಭೋಜನಶಾಲೆಯವರು ಕಲ್ಪಿಸಿದುದಲ್ಲ. ದಾಸ್ಯದಲ್ಲಿದ್ದ ಆಫ್ರಿಕದ ಜನರು ಕುಣಿತಕ್ಕಾಗಿ ಸೇರುವುದು ಭಾನುವಾರಗಳಂದು ಮಾತ್ರ, ಮೇಯರನು ಗೊತ್ತುಮಾಡಿದ ಬಯಲಿನಲ್ಲಿ ಮಾತ್ರ, ಅದೂ ಸೂರ್ಯಾಸ್ತದವರೆಗೆ ಮಾತ್ರ ಎಂದು ನ್ಯೂ ಆರ್ಲಿಯನ್ಸಿನ ನಗರಸಭೆಯು 1817ರಲ್ಲಿ ವಿಧಿಸಿತು. ಕಾಂಗೋ ಸ್ಕ್ವೇರ್ ಎಂದು ಹೆಸರಾದ ಆ ಬಯಲಿನಲ್ಲಿ ಆರು ದಿನ ದುಡಿದ ಮೈಗಳು ಏಳನೆಯ ದಿನ ತಮ್ಮ ನಾಡಿನ ತಾಳಗಳನ್ನು ಉಳಿಸಿಕೊಂಡವು. ಜಾಝ್ ಸಂಗೀತದ ಬೇರುಗಳಲ್ಲಿ ಒಂದು ಅಲ್ಲಿದೆ. ಒಬ್ಬರಿಗೆ ರಾತ್ರಿಯ ವಿನೋದದ ಆಯಾಸವನ್ನು ಕಳೆಯುವ ದಿನ, ಇನ್ನೊಬ್ಬರಿಗೆ ವಾರದಲ್ಲಿ ಮನುಷ್ಯರಾಗಿ ಉಸಿರಾಡಲು ದೊರೆತ ಒಂದೇ ದಿನ. ಈ ಎರಡು ಭಾನುವಾರಗಳನ್ನು ಒಂದೇ ಮೇಜಿನ ಮೇಲೆ ಇಟ್ಟವರು ಎರಡನೆಯದರ ಹೆಸರನ್ನೂ ಎತ್ತದಿದ್ದರೆ ಅದನ್ನು ರಸಿಕತೆಯೆನ್ನಲಾದೀತೇ?

ಇದಕ್ಕೆ ಎರಡು ಆಕ್ಷೇಪಗಳು ಬರುವುವು. ಮೊದಲನೆಯದು, ಹಸಿದು ಬಂದವರು ಊಟಕ್ಕೆ ಬಂದಿದ್ದಾರೆಯೇ ಹೊರತು ಇತಿಹಾಸದ ಪಾಠಕ್ಕಲ್ಲ ಎಂಬುದು. ನಿಜ. ಆದರೆ ಇತಿಹಾಸವನ್ನು ಬಾಗಿಲಿಗೆ ತೋರಣವಾಗಿ ಕಟ್ಟಿದವರು ಅತಿಥಿಗಳಲ್ಲ, ಅಂಗಡಿಯವರು. ಗತಕಾಲದ ಹೆಸರಿನಲ್ಲಿ ಬೆಲೆಯನ್ನು ಏರಿಸಿದವರು ಗತಕಾಲದ ಋಣಕ್ಕೂ ಬಾಧ್ಯರು. ಎರಡನೆಯ ಆಕ್ಷೇಪವು ಇದಕ್ಕಿಂತ ತೂಕವುಳ್ಳದ್ದು: ಇಂತಹ ಪಾನಗೃಹಗಳೂ ಇಲ್ಲವಾದರೆ ವಾದ್ಯಗಾರನಿಗೆ ಅನ್ನವೆಲ್ಲಿ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಜಾಝ್ ಸಂಗೀತವು ಪಾನಗೃಹದ ಹೊಗೆಯಲ್ಲಿಯೇ ಬೆಳೆದುದು; ಅದನ್ನು ಅಲ್ಲಿಂದ ಎತ್ತಿ ದೇವಾಲಯದಲ್ಲಿ ಕೂರಿಸಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಅನ್ನವನ್ನು ಕೊಡುತ್ತೇವೆಂದ ಮಾತ್ರಕ್ಕೆ ಮರ್ಯಾದೆಯನ್ನು ಕಸಿದುಕೊಳ್ಳುವ ಅಧಿಕಾರವು ಯಾವ ಯಜಮಾನನಿಗೂ ಬರುವುದಿಲ್ಲ.

ಮರ್ಯಾದೆಯೂ ವ್ಯಾಪಾರವೂ ಒಟ್ಟಿಗೆ ಬಾಳಬಲ್ಲವೆಂಬುದಕ್ಕೆ ನಿದರ್ಶನಗಳಿಲ್ಲದಿಲ್ಲ. 1938ರಲ್ಲಿ ಬಾರ್ನೀ ಜೋಸೆಫ್‌ಸನ್ ಎಂಬಾತನು ನ್ಯೂಯಾರ್ಕಿನಲ್ಲಿ ಕೆಫೆ ಸೊಸೈಟಿ ಎಂಬ ಶಾಲೆಯನ್ನು ತೆರೆದು, ಕರಿಯರನ್ನೂ ಬಿಳಿಯರನ್ನೂ ವೇದಿಕೆಯ ಮೇಲೆಯೂ ಮೇಜಿನ ಮುಂದೆಯೂ ಸಮನಾಗಿ ಬರಮಾಡಿಕೊಂಡನು. ಮರದಲ್ಲಿ ನೇತುಹಾಕಿ ಕೊಂದ ಕರಿಯರನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಎಂಬ ಹಾಡನ್ನು 1939ರಲ್ಲಿ ಬಿಲ್ಲೀ ಹಾಲಿಡೇ ಅಲ್ಲಿ ಹಾಡಿದಳು. ಆ ಹಾಡು ಮೊದಲಾಗುವಾಗ ಪರಿಚಾರಕರು ಬಡಿಸುವುದನ್ನು ನಿಲ್ಲಿಸುತ್ತಿದ್ದರು; ದೀಪಗಳು ಆರುತ್ತಿದ್ದವು; ಅವಳ ಮುಖದ ಮೇಲೆ ಮಾತ್ರ ಬೆಳಕು ಉಳಿಯುತ್ತಿತ್ತು. ಅದೂ ಮದ್ಯ ಮಾರುವ ಅಂಗಡಿಯೇ. ಅದರ ಬೊಕ್ಕಸವು ಆ ಕೆಲವು ನಿಮಿಷಗಳಿಂದ ಬರಿದಾಗಲಿಲ್ಲ. 1961ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಆರಂಭವಾದ ಪ್ರಿಸರ್ವೇಷನ್ ಹಾಲ್ ಇನ್ನೂ ಮುಂದೆ ಹೋಗಿ, ಊಟವನ್ನೂ ಮದ್ಯವನ್ನೂ ಮಾರದೆ, ಮರದ ಬೆಂಚುಗಳ ಮೇಲೆ ಜನರನ್ನು ಕೂರಿಸಿ, ವಯಸ್ಸಾದ ವಾದ್ಯಗಾರರ ಸಂಗೀತವನ್ನು ಸಂಗೀತಕ್ಕಾಗಿಯೇ ಕೇಳಿಸಿತು.

ಭಾರತಕ್ಕೂ ಈ ಋಣದಲ್ಲಿ ಪಾಲುಂಟು. 1935ರಲ್ಲಿ ಲಿಯಾನ್ ಆ್ಯಬೀಯೆಂಬ ಕರಿಯ ಅಮೆರಿಕನ್ನನ ವಾದ್ಯಗೋಷ್ಠಿಯು ಮುಂಬಯಿಯ ತಾಜ್‌ಮಹಲ್ ಹೋಟೆಲಿಗೆ ಬಂದಿತು. ಪಿಯಾನೋ ವಿದ್ವಾಂಸನಾದ ಟೆಡ್ಡಿ ವೆದರ್‌ಫರ್ಡನು ಅಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಇಂಥವರೊಡನೆ ಪಳಗಿದ ಗೋವೆಯ ವಾದ್ಯಗಾರರು ಹಿಂದೀ ಚಲನಚಿತ್ರಗಳ ವಾದ್ಯವೃಂದಗಳಿಗೆ ಜಾಝ್ ಸಂಗೀತದ ಲಯವನ್ನು ತಂದರು. ಆ ಹಾಡುಗಳನ್ನು ಗುನುಗುವವರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ಇಂದು ಬೆಂಗಳೂರಿನ ಹೋಟೆಲುಗಳಲ್ಲಿಯೂ ಭಾನುವಾರದ ಬ್ರಂಚ್ ವಾದ್ಯಸಮೇತವಾಗಿ ನಡೆಯುತ್ತದೆ. ಮದುವೆಯ ಮನೆಯಲ್ಲಿ ಓಲಗದವರನ್ನು ಗಟ್ಟಿಮೇಳದ ಗಳಿಗೆಯಲ್ಲಿ ಮಾತ್ರ ನೆನೆದು, ಉಳಿದ ಹೊತ್ತಿನಲ್ಲಿ ಅವರ ಮುಂದೆಯೇ ಹರಟುವ ಅಭ್ಯಾಸವುಳ್ಳ ನಾಡಿಗೆ ಈ ಹೊಸ ಪದ್ಧತಿಯಲ್ಲಿ ದೋಷವೇ ಕಾಣದಿದ್ದರೆ ಆಶ್ಚರ್ಯವಿಲ್ಲ. ಆದರೆ ನಾಚಿಕೆಗೆ ಅವಕಾಶವುಂಟು.

ಕೇಳುವುದು ದೊಡ್ಡದೇನೂ ಅಲ್ಲ. ಭಕ್ಷ್ಯಗಳ ಪಟ್ಟಿಯಲ್ಲಿ ಕಾಕ್‌ಟೇಲಿನ ಚರಿತ್ರೆಗೆ ಸ್ಥಳವಿರುವಾಗ ಅಂದು ನುಡಿಸುವವರ ಹೆಸರಿಗೂ ಒಂದು ಸಾಲು ದೊರೆಯಲಿ. ಅವರ ಸಂಬಳವು ಅತಿಥಿಗಳು ಡಬ್ಬಿಗೆ ಹಾಕುವ ಚಿಲ್ಲರೆಯನ್ನು ನೆಚ್ಚದೆ ಮೊದಲೇ ನಿಶ್ಚಯವಾಗಲಿ. ಗಂಟೆಗೊಮ್ಮೆ ಒಂದು ಕೃತಿಯ ಹೊತ್ತಾದರೂ ಬಡಿಸುವ ಕೈಗಳೂ ಮಾತನಾಡುವ ಬಾಯಿಗಳೂ ಸುಮ್ಮನಿರಲಿ. ಇಷ್ಟನ್ನೂ ನಡೆಸಲಾರದ ಅಂಗಡಿಯು ಗೋಡೆಗಳಿಗೆ ಎಷ್ಟು ಹಳೆಯ ಬಣ್ಣವನ್ನು ಬಳಿದರೂ ಹಳೆಯ ಕಾಲವನ್ನು ಗೌರವಿಸಿದಂತಾಗಲಿಲ್ಲ. ಅದರ ಅನ್ಯಾಯವೊಂದನ್ನು ಮಾತ್ರ ಮುಂದುವರಿಸಿದಂತಾಯಿತು.